ಆ ‘ಹಿ’ ಯಾರು, ಆ ‘ಇಟ್’ ಯಾವುದು?



ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಲಾರಿ ಮಾಲೀಕರೊಬ್ಬರು ಕೈಯಲ್ಲಿ ಒಂದು ಪತ್ರ ಹಿಡಿದು ಮನೆಗೆ ಬಂದರು. ಅಪಘಾತದ ಪರಿಹಾರ ಕೇಳಿ ವಿಮಾ ಕಚೇರಿಯೊಂದಕ್ಕೆ ಅವರು ಇಂಗ್ಲಿಷಿನಲ್ಲಿ ಬರೆದಿದ್ದ ಪತ್ರ. ವಿವರಣೆ ಬೇಕೆಂದು ಕಚೇರಿ ಅದನ್ನು ಹಿಂದಕ್ಕೆ ಕಳಿಸಿತ್ತು. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವನು, ತಪ್ಪು ಎಲ್ಲಿದೆ ನೋಡಿ ಹೇಳಿ ಎಂದರು. ಎರಡು ಸಲ ಓದಿದೆ. ಕಾಗುಣಿತ ಸರಿಯಾಗಿತ್ತು, ಕಾಲರೂಪಗಳು ಸರಿಯಾಗಿದ್ದವು. ಮೂರನೆಯ ಸಲ ಓದುವಾಗ ಒಂದು ವಾಕ್ಯ ಕಣ್ಣಿಗೆ ಬಿತ್ತು: ‘ದಿ ಬಸ್ ಹಿಟ್ ಮೈ ಲಾರಿ ಬಿಕಾಸ್ ಇಟ್ಸ್ ಬ್ರೇಕ್ಸ್ ಹ್ಯಾಡ್ ಫೇಲ್ಡ್.’

ಬಸ್ಸು ನನ್ನ ಲಾರಿಗೆ ಗುದ್ದಿತು, ಏಕೆಂದರೆ ಅದರ ಬ್ರೇಕು ಹೋಗಿತ್ತು. ಯಾವುದರ ಬ್ರೇಕು? ಬಸ್ಸಿನದೋ, ಲಾರಿಯದೋ? ಬಸ್ಸಿನದಾದರೆ ತಪ್ಪು ಬಸ್ಸಿನದು. ಬ್ರೇಕು ಹಿಡಿಯದ ಲಾರಿ ಇಳಿಜಾರಿನಲ್ಲಿ ಅಡ್ಡ ಬಂದು ನಿಂತಿತ್ತು ಎಂದಾದರೆ ಕಥೆಯೇ ಬೇರೆ. ನಾನು ಈ ಅನುಮಾನ ಹೇಳಿದಾಗ ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. ‘ಬಸ್ಸಿನ ಬ್ರೇಕು ಅಂತ ತಾನೆ ಸಾರ್ ಬರೆದಿರೋದು?’ ಎಂದರು. ಅವರು ಬರೆದದ್ದು ಹಾಗಲ್ಲ, ಅಂದುಕೊಂಡದ್ದು ಹಾಗೆ. ರಸ್ತೆಯ ಬದಿಯಲ್ಲಿ ನಿಂತು ಎಲ್ಲವನ್ನೂ ಕಣ್ಣಾರೆ ಕಂಡವರಿಗೆ ಆ ಮೂರಕ್ಷರದ ‘ಇಟ್ಸ್’ ಬಸ್ಸನ್ನು ಬಿಟ್ಟು ಬೇರೆಲ್ಲಿಗೂ ಹೋಗಲು ಸಾಧ್ಯವಿರಲಿಲ್ಲ. ಕಚೇರಿಯ ಗುಮಾಸ್ತರು ಆ ರಸ್ತೆಯಲ್ಲಿ ಇರಲಿಲ್ಲ.

ಇಂದು ನಾನು ಮಾತಾಡಬೇಕೆಂದಿರುವುದು ಇದರ ಬಗ್ಗೆಯೇ. ಹಿ, ಷಿ, ಇಟ್, ದೇ, ದಿಸ್, ವಿಚ್. ಇಂಗ್ಲಿಷಿನ ಈ ಪುಟ್ಟ ಸರ್ವನಾಮಗಳು ವ್ಯಾಕರಣದ ಒಂದು ನಿಯಮವನ್ನೂ ಮುರಿಯದೆ ಅರ್ಥವನ್ನು ಕೆಡಿಸಬಲ್ಲವು. ಕಂಪ್ಯೂಟರು ಇವುಗಳ ಕೆಳಗೆ ಕೆಂಪು ಗೆರೆ ಎಳೆಯುವುದಿಲ್ಲ. ಬರೆದವರಿಗಂತೂ ಕಾಣಿಸುವುದೇ ಇಲ್ಲ.

ಸರ್ವನಾಮವೆಂದರೆ ಬೆರಳು ತೋರಿಸಿದ ಹಾಗೆ. ಬೆರಳು ಎತ್ತ ತೋರಿಸುತ್ತಿದೆ ಎಂಬುದು ನೋಡುವವನು ಎಲ್ಲಿ ನಿಂತಿದ್ದಾನೆ ಎಂಬುದನ್ನು ಅವಲಂಬಿಸಿದೆ. ಇದನ್ನು ಹೇಳುವಾಗ ನನಗೆ ಯಾವಾಗಲೂ ನೆನಪಾಗುವುದು 1854ರ ಅಕ್ಟೋಬರ್ 25ರ ಬಾಲಕ್ಲಾವಾ ಕದನ. ಕ್ರಿಮಿಯಾ ಯುದ್ಧದ ಕಾಲ. ಬ್ರಿಟಿಷ್ ಸೇನಾಪತಿ ಲಾರ್ಡ್ ರಾಗ್ಲನ್ ಗುಡ್ಡದ ಮೇಲೆ ನಿಂತಿದ್ದರು. ರಷ್ಯನ್ನರು ವಶಪಡಿಸಿಕೊಂಡ ಬ್ರಿಟಿಷ್ ಫಿರಂಗಿಗಳನ್ನು ದಿಣ್ಣೆಯ ಮೇಲಿಂದ ಎಳೆದೊಯ್ಯಲು ಹೊರಟಂತೆ ಅಲ್ಲಿಂದ ಕಾಣುತ್ತಿತ್ತು. ಶತ್ರು ಫಿರಂಗಿಗಳನ್ನು ಒಯ್ಯದಂತೆ ಅಶ್ವದಳ ಮುನ್ನುಗ್ಗಿ ತಡೆಯಲಿ ಎಂಬ ರಾಗ್ಲನ್ ಅವರ ಆಜ್ಞೆಯನ್ನು ಜನರಲ್ ಏರಿ ಪೆನ್ಸಿಲಿನಲ್ಲಿ ಬರೆದರು. ಕ್ಯಾಪ್ಟನ್ ನೋಲನ್ ಅದನ್ನು ಹಿಡಿದು ಕುದುರೆಯ ಮೇಲೆ ಕೆಳಗಿಳಿದರು. ಕಣಿವೆಯಲ್ಲಿದ್ದ ಅಶ್ವದಳದ ಮುಖ್ಯಸ್ಥ ಲಾರ್ಡ್ ಲೂಕನ್ ಅವರಿಗೆ ದಿಣ್ಣೆಯ ಮೇಲಿನ ಆ ಫಿರಂಗಿಗಳು ಕಾಣುತ್ತಲೇ ಇರಲಿಲ್ಲ. ಯಾವ ಫಿರಂಗಿಗಳು ಎಂದು ಕೇಳಿದರು. ನೋಲನ್ ಕೈ ಬೀಸಿ ತೋರಿಸಿದರು. ಆ ಕೈ ಕಂಡದ್ದು ಕಣಿವೆಯ ತುದಿಯಲ್ಲಿ ಸಾಲಾಗಿ ನಿಂತಿದ್ದ ರಷ್ಯನ್ ಫಿರಂಗಿಗಳ ಕಡೆಗೆ ಚಾಚಿದಂತೆ. ಲಾರ್ಡ್ ಕಾರ್ಡಿಗನ್ ಮುಂದಾಳಾಗಿ ಸುಮಾರು 670 ಸವಾರರು ಆ ಫಿರಂಗಿಗಳ ಬಾಯಿಗೇ ನುಗ್ಗಿದರು. ಸುಮಾರು 110 ಮಂದಿ ಸತ್ತರು. ಮೊದಲಿಗೆ ಸತ್ತವರಲ್ಲಿ ನೋಲನ್ ಕೂಡ ಒಬ್ಬರು. ಅದೇ ವರ್ಷದ ಡಿಸೆಂಬರಿನಲ್ಲಿ ಕವಿ ಟೆನಿಸನ್ ಈ ದಾಳಿಯ ಬಗ್ಗೆ ಬರೆದ ಪದ್ಯವನ್ನು ನಮ್ಮಲ್ಲಿ ಎಷ್ಟೋ ಜನ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಆ ಸಾವುಗಳ ಹಿಂದೆ ಒಂದು ಪದದ ಗೊಂದಲವಿತ್ತೆಂದು ನಮಗೆ ಯಾರೂ ಹೇಳಿರಲಿಲ್ಲ.

ಅಲ್ಲಿ ಎಡವಿದ್ದು ನೇರವಾಗಿ ಸರ್ವನಾಮವಲ್ಲ, ‘ದಿ ಗನ್ಸ್’ ಎಂಬ ಮಾತು. ಲೂಕನ್ ಮತ್ತು ಕಾರ್ಡಿಗನ್ ಭಾವಮೈದುನರಾಗಿದ್ದೂ ಒಬ್ಬರ ಮುಖ ಒಬ್ಬರಿಗೆ ಆಗದಿದ್ದುದೂ ಅನಾಹುತಕ್ಕೆ ಸೇರಿಕೊಂಡಿತ್ತು. ಆದರೆ ರೋಗ ಒಂದೇ. ಗುಡ್ಡದ ಮೇಲಿದ್ದವರಿಗೆ ‘ಆ ಫಿರಂಗಿಗಳು’ ಎಂದರೆ ಸಾಕಾಗಿತ್ತು. ಬರೆಯುವವರು ಯಾವಾಗಲೂ ಗುಡ್ಡದ ಮೇಲಿರುತ್ತಾರೆ, ಓದುವವರು ಕಣಿವೆಯಲ್ಲಿ.

ಈ ತೊಂದರೆ ಇಂಗ್ಲಿಷ್ ಬರೆಯುವ ಎಲ್ಲರಿಗೂ ಇದೆ. ಆದರೆ ಕನ್ನಡಿಗರಾದ ನಾವು ಎಡವುವುದಕ್ಕೆ ನಮ್ಮದೇ ಆದ ಒಂದು ಕಾರಣವೂ ಇದೆ. ನಮ್ಮ ಭಾಷೆ ಈ ವಿಷಯದಲ್ಲಿ ಬಹಳ ಸಿರಿವಂತ ಭಾಷೆ. ಒಂದು ಉದಾಹರಣೆ ಕೇಳಿ. ‘ಗೋವಿಂದ ರಂಗನಿಗೆ ತನ್ನ ಎತ್ತು ತೋರಿಸಿದ.’ ಎತ್ತು ಯಾರದು? ಗೋವಿಂದನದು. ‘ಗೋವಿಂದ ರಂಗನಿಗೆ ಅವನ ಎತ್ತು ತೋರಿಸಿದ.’ ಈಗ ಎತ್ತು ರಂಗನದು. ‘ತನ್ನ’ ಮತ್ತು ‘ಅವನ’ ಎಂಬ ಎರಡು ಪದಗಳು ಒಂದು ಎತ್ತಿನ ಒಡೆತನವನ್ನೇ ತೀರ್ಮಾನ ಮಾಡಿಬಿಡುತ್ತವೆ. ಓದುಬರಹ ಬಾರದವರೂ ಇದರಲ್ಲಿ ತಪ್ಪುವುದಿಲ್ಲ. ಈ ಎರಡನ್ನೂ ಇಂಗ್ಲಿಷಿಗೆ ತನ್ನಿ. ಎರಡೂ ಕಡೆ ‘ಹಿಸ್ ಬುಲಕ್’. ‘ತಾನು’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಸರಿಸಮನಾದ ಪದವಿಲ್ಲ. ಮನಸ್ಸಿನಲ್ಲಿ ‘ತನ್ನ’ ಎಂದುಕೊಂಡೇ ‘ಹಿಸ್’ ಎಂದು ಬರೆಯುತ್ತೇವೆ. ನಮ್ಮ ಮಟ್ಟಿಗೆ ಅರ್ಥ ಸ್ವಚ್ಛವಾಗಿರುತ್ತದೆ, ಕಾಗದದ ಮೇಲೆ ಅದು ಇರುವುದಿಲ್ಲ.

ಇನ್ನು ‘ಇವನು’, ‘ಅವನು’. ಜಗಳದ ವರದಿ ಹೇಳುವವರನ್ನು ಗಮನಿಸಿ. ಇವನು ಹೀಗಂದ, ಅವನು ಹಾಗಂದ, ಇವನು ಕೈ ಎತ್ತಿದ, ಅವನು ಹಿಂದೆ ಸರಿದ. ಹತ್ತು ವಾಕ್ಯವಾದರೂ ಇಬ್ಬರೂ ಅದಲುಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಆ ಹತ್ತೂ ಕಡೆ ‘ಹಿ’ ಬರುತ್ತದೆ.

ಮೂರನೆಯದು, ಕನ್ನಡದ ಕ್ರಿಯಾಪದ. ‘ಬಂದಳು’ ಎಂದರೆ ಸಾಕು, ಯಾರು ಎಂದು ಮತ್ತೆ ಹೇಳಬೇಕಾಗಿಲ್ಲ. ‘ದುಡ್ಡು ಕಟ್ಟಿದೆ, ರಸೀದಿ ಕೊಡಲಿಲ್ಲ’ ಎಂದು ನಾವು ಕರ್ತೃವನ್ನು ಬಿಟ್ಟೇ ದೂರು ಹೇಳುತ್ತೇವೆ. ಇಂಗ್ಲಿಷಿನ ವಾಕ್ಯ ಕರ್ತೃವಿಲ್ಲದೆ ನಿಲ್ಲಲಾರದು. ಆದ್ದರಿಂದ ಬರೆಯುವಾಗ ಆ ಖಾಲಿ ಜಾಗಕ್ಕೆ ಒಂದು ‘ದೇ’ ತಂದು ಕೂರಿಸುತ್ತೇವೆ: ‘ದೇ ಡಿಡ್ ನಾಟ್ ಗಿವ್ ಮಿ ಎ ರಿಸೀಟ್.’ ಯಾರು ಆ ‘ದೇ’? ಕೌಂಟರಿನ ಗುಮಾಸ್ತರೋ, ಮ್ಯಾನೇಜರೋ, ಇಡೀ ಸಂಸ್ಥೆಯೋ? ದೂರನ್ನು ವಿಚಾರಿಸಬೇಕಾದವರಿಗೆ ಮೊದಲು ಬೇಕಾದ ಮಾಹಿತಿಯೇ ಅಲ್ಲಿ ಕಾಣೆಯಾಗಿರುತ್ತದೆ.

ನನ್ನ ಅಜ್ಜಿ ತಾತನ ಹೆಸರನ್ನು ಎಂದೂ ಬಾಯಲ್ಲಿ ಹೇಳಿದವರಲ್ಲ. ‘ಅವರು ಬಂದ್ರಾ?’ ‘ಅವರ ಊಟ ಆಯ್ತಾ?’ ಮನೆ ತುಂಬ ಗಂಡಸರಿದ್ದರೂ ಆ ‘ಅವರು’ ಯಾರೆಂದು ಮೂರು ವರ್ಷದ ಮಗುವಿಗೂ ಗೊತ್ತಿತ್ತು. ಮನೆಯೊಳಗಿನ ಮಾತಿಗೆ ಅಂಥ ಒಂದು ಹಕ್ಕು ಇದೆ. ಮನೆಯ ಹೊಸಿಲು ದಾಟಿ ಅಂಚೆಯಲ್ಲಿ ಹೋಗುವ ಮಾತಿಗೆ ಆ ಹಕ್ಕಿಲ್ಲ.

ಇಂಗ್ಲಿಷಿನವರೂ ಒಂದು ಕಾಲದಲ್ಲಿ ಈ ಕಷ್ಟ ಉಂಡವರೇ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಅವನು, ಅವಳು, ಅವರು ಎಂಬ ಮೂರು ಪದಗಳೂ ‘ಹ’ಕಾರದಿಂದ ಶುರುವಾಗುತ್ತಿದ್ದವು. ಕಾಲ ಸರಿದಂತೆ ಉಚ್ಚಾರಣೆ ಸವೆದು ಅವು ಒಂದರ ಹತ್ತಿರ ಒಂದು ಬಂದವು. ಈಗಿನ ‘ದೇ’ ಇಂಗ್ಲಿಷಿನ ಮೂಲ ಪದವಲ್ಲ. ಇಂಗ್ಲೆಂಡಿನಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯದವರ ನಾರ್ಸ್ ಭಾಷೆಯಿಂದ ಬಂದದ್ದು. ಹಳೆಯ ರೂಪಗಳ ಈ ಗೊಂದಲವೇ ಅದು ಬೇರೂರಲು ಒಂದು ಕಾರಣವೆಂದು ಭಾಷೆಯ ಚರಿತ್ರೆ ಬರೆದವರು ಹೇಳುತ್ತಾರೆ. ಬೇರೆ ಪದಗಳನ್ನು ಭಾಷೆಗಳು ಧಾರಾಳವಾಗಿ ಸಾಲ ತರುತ್ತವೆ. ಸರ್ವನಾಮವನ್ನೇ ಸಾಲ ತರುವುದು ಬಲು ಅಪರೂಪ.

ಈಗ ನಮ್ಮ ತರಗತಿಗಳಿಗೆ ಬರೋಣ. ಹೈಸ್ಕೂಲಿನಲ್ಲಿ ಡೈರೆಕ್ಟ್ ಸ್ಪೀಚನ್ನು ಇನ್‌ಡೈರೆಕ್ಟ್ ಸ್ಪೀಚಿಗೆ ತಿರುಗಿಸುವ ಅಭ್ಯಾಸ ನೀವೆಲ್ಲ ಮಾಡಿದ್ದೀರಿ. ನಾನೂ ಸಾವಿರಾರು ಮಕ್ಕಳಿಗೆ ಮಾಡಿಸಿದ್ದೇನೆ. ಆ ಪಾಠದಲ್ಲಿ ಏನು ನಡೆಯುತ್ತದೆಂದು ನನಗೆ ಹೊಳೆದದ್ದು ಬಹಳ ತಡವಾಗಿ. ರವಿ ಸುರೇಶನಿಗೆ ‘ಐ ಹ್ಯಾವ್ ಪಾಸ್ಡ್’ ಎನ್ನುತ್ತಾನೆ. ಪಾಸಾದವನು ರವಿ. ಇದನ್ನು ತಿರುಗಿಸಿದರೆ: ‘ರವಿ ಟೋಲ್ಡ್ ಸುರೇಶ್ ದಟ್ ಹಿ ಹ್ಯಾಡ್ ಪಾಸ್ಡ್.’ ಒಳ್ಳೆಯದು, ಪೂರ್ತಿ ಅಂಕ. ಈಗ ರವಿ ಸುರೇಶನಿಗೆ ‘ಯು ಹ್ಯಾವ್ ಪಾಸ್ಡ್’ ಎನ್ನಲಿ. ಪಾಸಾದವನು ಸುರೇಶ. ತಿರುಗಿಸಿ: ‘ರವಿ ಟೋಲ್ಡ್ ಸುರೇಶ್ ದಟ್ ಹಿ ಹ್ಯಾಡ್ ಪಾಸ್ಡ್.’ ಅದೇ ವಾಕ್ಯ, ಒಂದಕ್ಷರ ವ್ಯತ್ಯಾಸವಿಲ್ಲ. ಇದಕ್ಕೂ ಪೂರ್ತಿ ಅಂಕ. ಮೂರನೆಯ ಗೆಳೆಯ ಮಹೇಶನ ಬಗ್ಗೆ ‘ಹಿ ಹ್ಯಾಸ್ ಪಾಸ್ಡ್’ ಎಂದರೂ ತಿರುಗಿಸಿದ ಮೇಲೆ ಉಳಿಯುವುದು ಅದೇ ವಾಕ್ಯ.

ಮೂವರು ಹುಡುಗರು, ಮೂರು ಬೇರೆ ಬೇರೆ ಸಂಗತಿಗಳು, ಮೂರೂ ಸೇರಿ ಒಂದು ‘ಹಿ’ ಆಗುತ್ತವೆ. ಮೂಲದಲ್ಲಿ ಕನ್ನಡಿಯಷ್ಟು ಸ್ಪಷ್ಟವಾಗಿದ್ದ ಮಾತನ್ನು ಮಸುಕು ಮಾಡಿದ್ದಕ್ಕೆ ನಾವು ಮಕ್ಕಳಿಗೆ ಅಂಕ ಕೊಡುತ್ತೇವೆ! ಕನ್ನಡದಲ್ಲಿ ಹೀಗಾಗುವುದಿಲ್ಲ. ‘ತಾನು ಪಾಸಾದೆನೆಂದು ರವಿ ಸುರೇಶನಿಗೆ ಹೇಳಿದ’ ಎನ್ನುತ್ತೇವೆ. ‘ತಾನು’ ಇದೆ, ಜೊತೆಗೆ ‘ಪಾಸಾದೆ’ ಎಂಬ ಉತ್ತಮ ಪುರುಷದ ಕ್ರಿಯಾಪದವೇ ಒಳಗೆ ಉಳಿದಿದೆ. ಇಂಥ ವಾಕ್ಯ ಆಡಿ ಬೆಳೆದ ಮಗುವಿಗೆ ಇಂಗ್ಲಿಷಿನ ‘ಹಿ’ಯಲ್ಲಿ ಗುಂಡಿ ಇದೆ ಎಂದು ಯಾರಾದರೂ ತೋರಿಸಿಕೊಡಬೇಕು. ತಾನಾಗಿ ಅದಕ್ಕೆ ಗೊತ್ತಾಗುವುದಿಲ್ಲ.

ಈ ಗುಂಡಿ ದಾಟುವುದು ಕಷ್ಟವಲ್ಲ. ಆಡಿದ ಮಾತನ್ನೇ ಉದ್ಧರಣ ಚಿಹ್ನೆಯಲ್ಲಿ ಇಟ್ಟರೆ ಮುಗಿಯಿತು. ಇಲ್ಲವೇ ಕ್ರಿಯಾಪದ ಬದಲಿಸಬಹುದು: ಸುರೇಶ ಪಾಸಾಗಿದ್ದರೆ ‘ರವಿ ಕಂಗ್ರಾಚುಲೇಟೆಡ್ ಸುರೇಶ್ ಆನ್ ಪಾಸಿಂಗ್.’ ‘ಹಿ’ಯೇ ಬೇಡ. ಹಾಗೆಯೇ ಇಬ್ಬರು ಪಾತ್ರಧಾರಿಗಳಿರುವ ಕಡೆ ಒಬ್ಬರನ್ನು ಬಹುವಚನ ಮಾಡಿದರೆ ‘ಹಿ’ ಒಬ್ಬರ ಪಾಲಿಗೆ, ‘ದೇ’ ಇನ್ನೊಬ್ಬರ ಪಾಲಿಗೆ ಹೋಗುತ್ತವೆ. ಟೀಚರ್ ಮತ್ತು ಪೇರೆಂಟ್ ಎಂದು ಎರಡೂ ಏಕವಚನವಾಗಿದ್ದರೆ ಮುಂದಿನ ಪ್ರತಿ ‘ಹಿ’ಗೂ ಪರದಾಡಬೇಕು. ‘ಟೀಚರ್ಸ್’ ಎಂದು ಮಾಡಿ ನೋಡಿ, ಅರ್ಧ ಗೋಜಲು ತಾನಾಗಿ ಬಿಡಿಸಿಕೊಳ್ಳುತ್ತದೆ. ಕೆಲವರು ‘ಹಿ’ ಎಂದು ಬರೆದು ಪಕ್ಕದಲ್ಲಿ ಆವರಣ ಹಾಕಿ ‘ರವಿ’ ಎಂದು ಸೇರಿಸುತ್ತಾರೆ. ಹರಿದ ಅಂಗಿಗೆ ಪಿನ್ನು ಚುಚ್ಚಿದ ಹಾಗೆ. ರವಿ ಎಂದೇ ಬರೆಯಬಹುದಲ್ಲ.

‘ದಿಸ್’ ಎಂಬ ಪದದ್ದು ಇನ್ನೊಂದು ಬಗೆ. ‘ಪಂಚಾಯಿತಿ ಕೆರೆಯ ಹೂಳೆತ್ತಿಸಿತು, ಏರಿ ಸ್ವಚ್ಛ ಮಾಡಿಸಿತು, ಹಳೆಯ ಮರಗಳನ್ನು ಕಡಿಸಿತು’ ಎಂದು ಇಂಗ್ಲಿಷಿನಲ್ಲಿ ಬರೆದು, ಮುಂದೆ ‘ದಿಸ್ ಆಂಗರ್ಡ್ ದಿ ವಿಲೇಜರ್ಸ್’ ಎಂದು ಸೇರಿಸಿ. ಊರಿನವರಿಗೆ ಸಿಟ್ಟು ಬಂದದ್ದು ಯಾವುದಕ್ಕೆ? ಹೂಳೆತ್ತಿದ್ದಕ್ಕೂ ಸಿಟ್ಟೇ? ಕನ್ನಡದಲ್ಲೂ ‘ಇದರಿಂದ’ ಎಂದು ಬರೆದು ನಾವು ಇದೇ ತಪ್ಪು ಮಾಡುತ್ತೇವೆ, ಪತ್ರಿಕೆಗಳಲ್ಲಿ ದಿನವೂ ಸಿಗುತ್ತದೆ. ಒಂಟಿ ‘ದಿಸ್’ ಬಿಡಬಾರದು, ಬೆನ್ನಿಗೇ ಒಂದು ನಾಮಪದ ಇಡಬೇಕು ಎಂಬುದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಮಾತು. ‘ದಿಸ್ ಫೆಲ್ಲಿಂಗ್ ಆಫ್ ಟ್ರೀಸ್’ ಎಂದರೆ ಸಿಟ್ಟು ಎಲ್ಲಿಗೆ ಸೇರಬೇಕೋ ಅಲ್ಲಿಗೆ ಸೇರುತ್ತದೆ. ‘ವಿಚ್’ಗೂ ಇದೇ ಎಚ್ಚರ.

ಔಷಧದ ಚೀಟಿಯಲ್ಲಿ ‘ಟೇಕ್ ದಿ ಟ್ಯಾಬ್ಲೆಟ್ ವಿತ್ ದಿ ಸಿರಪ್. ಸ್ಟಾಪ್ ಇಟ್ ಆಫ್ಟರ್ ಥ್ರೀ ಡೇಸ್’ ಎಂದಿದ್ದರೆ ಮೂರು ದಿನದ ಮೇಲೆ ನಿಲ್ಲಿಸಬೇಕಾದದ್ದು ಮಾತ್ರೆಯೋ ಸಿರಪ್ಪೋ? ಊಹೆ ಮಾಡಬೇಡಿ, ಫೋನು ಮಾಡಿ ಕೇಳಿ.

ಕಾಗದದಲ್ಲಾದರೆ ಓದುಗರು ಹಿಂದಿನ ಸಾಲಿಗೆ ಹೋಗಿ ಹುಡುಕಬಹುದು. ಬಾನುಲಿಯಲ್ಲಿ ಅದೂ ಇಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ಶುರು ಮಾಡಿದಂದಿನಿಂದ ಈ ಮಾಧ್ಯಮಕ್ಕೆ ಬರೆದವರೆಲ್ಲ ಒಂದು ಪಾಠ ಕಲಿತಿದ್ದಾರೆ: ಕೇಳುಗರು ಪುಟ ಹಿಂದಕ್ಕೆ ತಿರುಗಿಸಲಾರರು. ಅದಕ್ಕೇ ಬಾನುಲಿಯ ಬರಹದಲ್ಲಿ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಪತ್ರ ಬರೆಯುವಾಗಲೂ ಎದುರಿಗೆ ಇರುವವರು ಓದುಗರಲ್ಲ, ಕೇಳುಗರು ಎಂದುಕೊಂಡರೆ ಎಷ್ಟೋ ತಪ್ಪು ತಪ್ಪುತ್ತದೆ.

ಹೆಸರು ಮತ್ತೆ ಹೇಳಿ ಎಂದೊಡನೆ ನಮ್ಮಲ್ಲಿ ಒಂದು ಹಿಂಜರಿಕೆ ಏಳುತ್ತದೆ. ಒಂದೇ ಪದ ಎರಡು ಸಲ ಬಂದರೆ ಶೈಲಿ ಕೆಟ್ಟಿತು ಎಂದು ನಮ್ಮ ಮೇಷ್ಟ್ರುಗಳು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು. ನಾವು ಮೇಷ್ಟ್ರಾದ ಮೇಲೆ ನಾವೂ ಹಾಕಿದೆವು. ಈ ಭಯವೇ ಅರ್ಧ ಗೊಂದಲದ ಬೇರು. ಹಳೆಯ ಪತ್ರಬರಹಗಾರರನ್ನು ನೆನೆಯಿರಿ. ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಕೂತು ಕ್ರಯಪತ್ರ ಬರೆಯುತ್ತಿದ್ದವರು ‘ಅದು’, ‘ಅವನು’ ಎಂದು ಎಂದಾದರೂ ಬರೆದರೇ? ಸದರಿ ಸ್ವತ್ತು, ಮಜಕೂರ ಜಮೀನು, ಮೇಲ್ಕಂಡ ಒಂದನೇ ಪಾರ್ಟಿಯವರು. ಓದಲು ಭಾರ, ನಿಜ. ಆದರೆ ಅರ್ಧ ಎಕರೆ ಗದ್ದೆ ಒಂದು ‘ಅವನ’ದಿಂದ ಕೈಬಿಟ್ಟು ಹೋಗಬಾರದು ಎಂಬ ಕಾಳಜಿ ಆ ಭಾರದ ಹಿಂದಿತ್ತು.

ಕಾನೂನೂ ಸರ್ವನಾಮದ ಬಗ್ಗೆ ಯೋಚನೆ ಮಾಡಿದೆ. 1860ರ ಭಾರತೀಯ ದಂಡ ಸಂಹಿತೆಯ ಎಂಟನೆಯ ಸೆಕ್ಷನ್ನು ‘ಹಿ’ ಎಂಬ ಸರ್ವನಾಮವನ್ನು ಗಂಡಿಗೂ ಹೆಣ್ಣಿಗೂ ಬಳಸಲಾಗಿದೆ ಎಂದು ಹೇಳಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ ಆ ಮಾತಿಗೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನೂ ಸೇರಿಸಿದೆ. ‘ಹಿ’ ಎಂದರೆ ಯಾವ ಲಿಂಗದವರು ಎಂಬ ಪ್ರಶ್ನೆಗೆ ಇದು ಉತ್ತರ. ಒಂದು ವಾಕ್ಯದಲ್ಲಿ ಇಬ್ಬರಿದ್ದಾಗ ‘ಹಿ’ ಯಾರು ಎಂಬ ಪ್ರಶ್ನೆಗೆ ಉತ್ತರ ಕೊಡುವ ಸೆಕ್ಷನ್ನು ಇಲ್ಲ, ಇರಲೂ ಸಾಧ್ಯವಿಲ್ಲ. ಅದು ಬರೆಯುವವರ ಹೊಣೆ.

ಈ ಹೊಣೆಯನ್ನು ಬಲು ಗಟ್ಟಿಯಾಗಿ ಹೇಳಿದ ಒಬ್ಬ ಇಂಗ್ಲಿಷಿನವರು ವಿಲಿಯಂ ಕಾಬೆಟ್. ರೈತರ ಮಗ, ಬಾಲ್ಯದಲ್ಲಿ ಹೊಲದ ಕೆಲಸ ಮಾಡಿದವರು, ಸೈನಿಕರಾಗಿದ್ದಾಗ ತಾವಾಗಿ ವ್ಯಾಕರಣ ಕಲಿತವರು. 1818ರಲ್ಲಿ ಅವರು ಪ್ರಕಟಿಸಿದ ಇಂಗ್ಲಿಷ್ ವ್ಯಾಕರಣ ಮಗನಿಗೆ ಬರೆದ ಪತ್ರಗಳ ರೂಪದಲ್ಲಿದೆ. ಸೈನಿಕರು, ನಾವಿಕರು, ಕಸುಬು ಕಲಿಯುವ ಹುಡುಗರು, ನೇಗಿಲು ಹಿಡಿಯುವ ಹುಡುಗರು ಓದಲಿ ಎಂದು ಬರೆದ ಪುಸ್ತಕ ಅದು. ‘ಇಟ್’ ಎಂಬ ಪದವನ್ನು ಯೋಚನೆ ಮಾಡದೆ ಕಾಗದಕ್ಕಿಳಿಸಬೇಡ ಎಂದು ಕಾಬೆಟ್ ಮಗನಿಗೆ ಎಚ್ಚರ ಹೇಳುತ್ತಾರೆ. ಡಾಕ್ಟರ್ ಜಾನ್ಸನ್ನರಂಥ ಪಂಡಿತರ ವಾಕ್ಯಗಳನ್ನೂ ರಾಜನ ಭಾಷಣಗಳನ್ನೂ ಎತ್ತಿಕೊಂಡು ತಪ್ಪು ತೋರಿಸುತ್ತಾರೆ. ಇಂಗ್ಲಿಷನ್ನು ಕಂಡು ಅಂಜುವ ನಮ್ಮ ಹಳ್ಳಿಯ ಮಕ್ಕಳಿಗೆ ಈ ಮನುಷ್ಯನ ಕಥೆಯನ್ನು ಹೇಳಬೇಕು. ಸ್ಪಷ್ಟವಾಗಿ ಬರೆಯುವುದು ಪಂಡಿತರ ಸ್ವತ್ತಲ್ಲ.

ಹಾಗೆಂದು ಅತಿಯೂ ಬೇಡ. ಅಮೆರಿಕದಲ್ಲಿ 2002ರಲ್ಲಿ ನಡೆದ ಪಿಎಸ್ಎಟಿ ಎಂಬ ಪರೀಕ್ಷೆಯಲ್ಲಿ ಒಂದು ವಾಕ್ಯ ಕೊಟ್ಟು ತಪ್ಪು ಇದೆಯೇ ಎಂದು ಕೇಳಿದ್ದರು. ಕಾದಂಬರಿಗಾರ್ತಿ ಟೋನಿ ಮಾರಿಸನ್ ಅವರ ಪ್ರತಿಭೆಯ ಬಗೆಗಿನ ವಾಕ್ಯ ಅದು. ತಪ್ಪಿಲ್ಲ ಎಂಬುದು ಪರೀಕ್ಷಕರ ಉತ್ತರ. ಶಿಕ್ಷಕರೊಬ್ಬರು ತಕರಾರು ಎತ್ತಿದರು. ವಾಕ್ಯದಲ್ಲಿ ‘ಮಾರಿಸನ್ಸ್’ ಎಂಬ ಷಷ್ಠೀ ರೂಪ ಮಾತ್ರ ಇದೆ, ‘ಹರ್’ ಎಂಬ ಸರ್ವನಾಮ ಅದನ್ನು ಸೂಚಿಸುವಂತಿಲ್ಲ ಎಂಬುದು ಅವರ ವಾದ. ಬಹಳ ವಾದವಿವಾದದ ಬಳಿಕ 2003ರಲ್ಲಿ ಆ ಪ್ರಶ್ನೆಯನ್ನೇ ಕೈಬಿಟ್ಟರು. ನನ್ನನ್ನು ಕೇಳಿದರೆ ಆ ವಾಕ್ಯ ಸರಿಯಾಗಿಯೇ ಇತ್ತು. ಅದರಲ್ಲಿ ಇದ್ದದ್ದು ಒಬ್ಬರೇ ಹೆಂಗಸು, ‘ಹರ್’ ಬೇರೆ ಯಾರ ಮನೆಗೂ ಹೋಗಲು ದಾರಿಯಿರಲಿಲ್ಲ. ಓದುಗರಿಗೆ ಗೊಂದಲವಾಗುತ್ತದೆಯೇ ಎಂಬುದೊಂದೇ ಅಳತೆಗೋಲು.

ಗೊಂದಲ ಆಗುತ್ತದೋ ಇಲ್ಲವೋ ಎಂಬುದನ್ನು ವ್ಯಾಕರಣವೊಂದರಿಂದಲೇ ಅಳೆಯಲಾಗದು. 1972ರಲ್ಲಿ ಕಂಪ್ಯೂಟರ್ ವಿಜ್ಞಾನಿ ಟೆರ್ರಿ ವಿನೋಗ್ರಾಡ್ ಒಂದು ಉದಾಹರಣೆ ಕೊಟ್ಟರು. ನಗರಸಭೆಯವರು ಪ್ರತಿಭಟನೆ ಮಾಡುವವರಿಗೆ ಅನುಮತಿ ಕೊಡಲಿಲ್ಲ, ಏಕೆಂದರೆ ‘ದೇ’ ಹಿಂಸೆಗೆ ಹೆದರಿದರು. ಇಲ್ಲಿ ‘ದೇ’ ನಗರಸಭೆಯವರು. ಹೆದರಿದರು ಎಂಬ ಒಂದು ಪದ ತೆಗೆದು ಹಿಂಸೆಯನ್ನು ಬೆಂಬಲಿಸಿದರು ಎಂದು ಹಾಕಿ. ಅದೇ ‘ದೇ’ ಈಗ ಪ್ರತಿಭಟನಕಾರರ ಕಡೆಗೆ ತಿರುಗುತ್ತದೆ. ತಿರುಗಿಸಿದ್ದು ಲೋಕಜ್ಞಾನ. ಇಂಥ ವಾಕ್ಯಗಳನ್ನೇ ಕಂಪ್ಯೂಟರುಗಳ ಬುದ್ಧಿ ಪರೀಕ್ಷಿಸಲು ಬಳಸಬಹುದೆಂದು ಮುಂದೆ ಕೆನಡಾದ ಹೆಕ್ಟರ್ ಲೆವೆಕ್ ಸೂಚಿಸಿದರು. ಲೋಕಜ್ಞಾನ ದಾರಿ ತೋರುವ ಕಡೆ ‘ದೇ’ ಇರಲಿ. ಬಸ್ಸಿಗೂ ಬ್ರೇಕಿದೆ, ಲಾರಿಗೂ ಬ್ರೇಕಿದೆ ಎನ್ನುವಂಥ ಕಡೆ ಲೋಕಜ್ಞಾನ ಕೈಕಟ್ಟಿ ಕೂರುತ್ತದೆ.

ಆ ಪತ್ರವನ್ನು ನಾವು ಹೀಗೆ ತಿದ್ದಿದೆವು: ‘ದಿ ಬ್ರೇಕ್ಸ್ ಆಫ್ ದಿ ಬಸ್ ಫೇಲ್ಡ್, ಅಂಡ್ ದಿ ಬಸ್ ಹಿಟ್ ಮೈ ಲಾರಿ.’ ಬಸ್ ಎರಡು ಸಲ ಬಂತು. ಬರಲಿ.

ಕೊನೆಯದಾಗಿ ಇಂಗ್ಲಿಷ್ ಪಾಠ ಹೇಳುವ ಗೆಳೆಯರಲ್ಲಿ ಒಂದು ಕೋರಿಕೆ. ಡೈರೆಕ್ಟ್ ಸ್ಪೀಚಿನ ಪಾಠ ಬಂದಾಗ ಒಂದು ದಿನ ಅದನ್ನು ತಲೆಕೆಳಗು ಮಾಡಿ. ಕಪ್ಪುಹಲಗೆಯ ಮೇಲೆ ‘ರವಿ ಟೋಲ್ಡ್ ಸುರೇಶ್ ದಟ್ ಹಿ ಹ್ಯಾಡ್ ಪಾಸ್ಡ್’ ಎಂದು ಬರೆದು, ರವಿ ನಿಜವಾಗಿ ಆಡಿದ ಮಾತು ಏನಿರಬಹುದು ಎಂದು ಮಕ್ಕಳನ್ನು ಕೇಳಿ. ಮೂರು ಉತ್ತರಗಳೂ ಬರುವ ತನಕ ಕಾಯಿರಿ. ಆಮೇಲೆ ಅದೇ ಮಾತನ್ನು ಕನ್ನಡದಲ್ಲಿ ಹೇಳಲು ಹೇಳಿ. ಅವರ ಬಾಯಿಂದಲೇ ‘ತಾನು’ ಬರುತ್ತದೆ. ಆ ಕ್ಷಣದಲ್ಲಿ ಪಾಠ ನಿಲ್ಲಿಸಿ, ಇಂಗ್ಲಿಷಿನಲ್ಲಿ ಈ ಪದ ಇಲ್ಲ, ಅದಕ್ಕೆ ಅಲ್ಲಿ ಹೆಸರನ್ನೇ ಬರೆಯಿರಿ ಎಂದು ಹೇಳಿ. ಹೆಸರನ್ನು ಎರಡು ಸಲ ಬರೆದ ಮಗುವಿನ ಅಂಕ ಕಳೆಯಬೇಡಿ.